72 ಗಂಟೆಗಳ ಲೆಕ್ಕ: ಕೋವಿಡ್ ಕಾಲದಲ್ಲಿ ಶಿವಮೊಗ್ಗದಿಂದ ಹಮಾಮತ್ಸುವಿಗೆ

ಜಪಾನಿನ ಪ್ರಜೆಯನ್ನು ಮದುವೆಯಾಗಿ ಶಿಜುವೊಕಾ ಪ್ರಾಂತದ ಹಮಾಮತ್ಸು ನಗರದಲ್ಲಿ ನೆಲೆಸಿರುವ ನನಗೆ, ಶಿವಮೊಗ್ಗದ ತವರಿಗೆ ಹೋಗಿಬರುವುದೆಂದರೆ ರಜೆಯನ್ನೂ ಟಿಕೆಟ್ಟನ್ನೂ ಹೊಂದಿಸಿಕೊಳ್ಳುವ ಮಾತಷ್ಟೇ ಆಗಿತ್ತು. 2020ರಲ್ಲಿ ಅದು ಕಾನೂನಿನ ಪ್ರಶ್ನೆಯಾಯಿತು. ಆ ವರ್ಷದ ನವೆಂಬರಿನಲ್ಲಿ ಊರಿಗೆ ಹೋಗಿ, ಮರುವರ್ಷದ ಫೆಬ್ರುವರಿಯಲ್ಲಿ ಪತಿಯ ದೇಶಕ್ಕೆ ಹಿಂದಿರುಗಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

2020ರ ಏಪ್ರಿಲ್ 3ರಂದು ಜಪಾನ್ ತನ್ನ ಪ್ರವೇಶ ನಿಷೇಧವನ್ನು ಹತ್ತಾರು ದೇಶಗಳಿಗೆ ವಿಸ್ತರಿಸಿತು. ಮೇ 27ರಂದು ಭಾರತವೂ ಆ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವ ಮೊದಲೇ ಹೊರಗೆ ಹೋಗಿದ್ದ ಜಪಾನೀಯರ ಪತಿ-ಪತ್ನಿಯರಿಗೂ ಕಾಯಂ ನಿವಾಸಿಗಳಿಗೂ ಮರಳಲು ಅವಕಾಶವಿತ್ತು. ಆದರೆ ಸೇರಿದ ಮೇಲೆ ಹೊರಟವರು, ಇಪ್ಪತ್ತು ವರ್ಷ ಅಲ್ಲಿಯೇ ತೆರಿಗೆ ಕಟ್ಟಿದವರಾಗಿದ್ದರೂ, ವಿಶೇಷ ಕಾರಣವಿಲ್ಲದೆ ಒಳಗೆ ಬರುವಂತಿರಲಿಲ್ಲ. ಜಪಾನಿನ ಪ್ರಜೆಗಳಿಗೆ ಈ ತಡೆ ಇರಲಿಲ್ಲ. ಪರೀಕ್ಷೆಗೂ ಪ್ರತ್ಯೇಕವಾಸಕ್ಕೂ (ಕ್ವಾರಂಟೈನ್) ಒಪ್ಪಿದರೆ ಅವರು ಎಲ್ಲಿಂದಲಾದರೂ ಮನೆಗೆ ಮರಳಬಹುದಿತ್ತು. ಇತ್ತ ಭಾರತ ಮಾರ್ಚಿನಲ್ಲಿಯೇ ವಿದೇಶಿಯರ ವೀಸಾಗಳನ್ನು ಅಮಾನತಿನಲ್ಲಿಟ್ಟಿತ್ತು. ಹೀಗಾಗಿ ಆ ಬೇಸಿಗೆಯಲ್ಲಿ ನಮ್ಮ ಮನೆಯ ಸ್ಥಿತಿ ವಿಚಿತ್ರವಾಗಿತ್ತು: ನನ್ನ ಪತಿ ಹೋದರೆ ಮರಳಬಹುದು, ಆದರೆ ಅವರಿಗೆ ಭಾರತದೊಳಗೆ ಹೋಗಲು ವೀಸಾ ಇಲ್ಲ, ನಾನು ಭಾರತಕ್ಕೆ ಹೋಗಬಹುದು, ಆದರೆ ಮರಳುವಂತಿಲ್ಲ. ಜುಲೈಯಲ್ಲಿ ಅಪ್ಪನಿಗೆ ಲಕ್ವ ಹೊಡೆದಾಗ ಇದು ಬರಿಯ ತರ್ಕದ ಮಾತಾಗಿ ಉಳಿಯಲಿಲ್ಲ. ಹತ್ತಿರದ ಬಂಧುಗಳ ಪ್ರಾಣಕ್ಕೆ ಅಪಾಯವಿದ್ದರೆ ಮಾನವೀಯ ನೆಲೆಯಲ್ಲಿ ವಿನಾಯಿತಿ ಸಿಗುತ್ತಿತ್ತು ನಿಜ. ಆದರೆ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಬಲಗೈ ಆಡುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ‘ಪ್ರಾಣಾಪಾಯ’ ಎಂದು ಯಾವ ವೈದ್ಯರೂ ಬರೆದುಕೊಡುವಂಥ ಸ್ಥಿತಿ ಅದಲ್ಲ. ಮಗಳು ದೂರದಲ್ಲಿ ಕುಳಿತು ಸಹಿಸುವಂಥದ್ದೂ ಅಲ್ಲ. ಅಣ್ಣ ಒಬ್ಬನೇ ಎಲ್ಲವನ್ನೂ ನೋಡಿಕೊಂಡ.

ಸೆಪ್ಟೆಂಬರ್ 1ರಿಂದ ನಿವಾಸಾನುಮತಿ ಇರುವ ವಿದೇಶಿಯರೆಲ್ಲರಿಗೂ ಮರುಪ್ರವೇಶದ ಬಾಗಿಲನ್ನು ಜಪಾನ್ ಷರತ್ತುಗಳೊಂದಿಗೆ ತೆರೆಯಿತು. ಮೊದಮೊದಲು ಕಾಗದಪತ್ರಗಳ ಕಾಟ ಹೆಚ್ಚಿತ್ತು. ನವೆಂಬರಿನ ಹೊತ್ತಿಗೆ ಕ್ರಮ ಸರಳವಾಗಿ, ಮುಖ್ಯವಾಗಿ ಉಳಿದದ್ದು ಹೊರಡುವುದಕ್ಕೆ ಹಿಂದಿನ 72 ಗಂಟೆಗಳೊಳಗೆ ಮಾದರಿ ಕೊಟ್ಟ ಪರೀಕ್ಷೆಯ ಪ್ರಮಾಣಪತ್ರ. ಭಾರತ ಮತ್ತು ಜಪಾನ್ ನಡುವೆ ಏರ್ ಬಬಲ್ ಒಪ್ಪಂದದಡಿ, ಅಂದರೆ ಎರಡೇ ದೇಶಗಳು ಮಾಡಿಕೊಂಡ ವಿಶೇಷ ವ್ಯವಸ್ಥೆಯಡಿ, ವಿಮಾನಗಳೂ ಓಡಾಡತೊಡಗಿದ್ದವು. ಆಗ ಹೊರಟೆ.

ಮರಳುವ ಕೆಲಸ ಹೊರಡುವ ದಿನದಿಂದಲೇ ಆರಂಭವಾಗುತ್ತದೆ ಎನ್ನುವುದನ್ನು ಇಂಥ ಪ್ರಯಾಣ ಮಾಡುವವರೆಲ್ಲರಿಗೂ ಹೇಳುತ್ತೇನೆ. ಹನೇಡಾ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗೆ ಕೊಡುವ ನಿರ್ಗಮನ ಚೀಟಿಯಲ್ಲಿ, ವಿಶೇಷ ಮರುಪ್ರವೇಶದ ಸವಲತ್ತಿನಡಿ ಹಿಂದಿರುಗುತ್ತೇನೆ ಎಂಬ ಸಾಲಿನ ಮುಂದೆ ಸಣ್ಣದೊಂದು ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಿ, ರೆಸಿಡೆನ್ಸ್ ಕಾರ್ಡ್, ಅಂದರೆ ಅಲ್ಲಿ ನೆಲೆಸಿದ ವಿದೇಶಿಯರ ಗುರುತಿನ ಚೀಟಿ, ತೋರಿಸಿ ಹೊರಟರೆ ಒಂದು ವರ್ಷದೊಳಗೆ ಮರಳಬಹುದು. ಗುರುತು ಹಾಕದೆ ಹೊರಟರೆ ನಿವಾಸಾನುಮತಿಯೇ ಹೋಗುತ್ತದೆ, ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ. ಕಾರ್ಡಿನ ಅವಧಿ ಆ ವರ್ಷಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಆ ಮೊದಲಿನ ದಿನವೇ ಗಡುವು. ಇವೆರಡನ್ನೂ ನೋಡಿಕೊಂಡೆ. ಜೊತೆಗೆ 450 ಯೆನ್ ಕಟ್ಟಿ ಪತಿಯ ಕೊಸೆಕಿಯ, ಅಂದರೆ ಕುಟುಂಬ ನೋಂದಣಿಯ, ಪ್ರತಿಯೊಂದನ್ನು ತೆಗೆಸಿಕೊಂಡೆ. ವಿದೇಶಿ ಸಂಗಾತಿ ಆ ನೋಂದಣಿಯಲ್ಲಿ ಕುಟುಂಬದ ಸದಸ್ಯರಾಗಿ ದಾಖಲಾಗುವುದಿಲ್ಲ. ಗಂಡನ ವಿವರದ ಕೆಳಗೆ ಇಂಥ ದಿನ ಇಂಥವರನ್ನು ವಿವಾಹವಾದರು ಎಂಬ ಒಕ್ಕಣೆಯಾಗಿ ಉಳಿಯುತ್ತಾರೆ. ಅಷ್ಟಾದರೂ ಇದೆಯಲ್ಲ ಎಂದು ಕಡತದಲ್ಲಿ ಸೇರಿಸಿಕೊಂಡೆ. ಕೊನೆಗೆ ಅದನ್ನು ಯಾರೂ ಕೇಳಲಿಲ್ಲ.

ಊರಿನಲ್ಲಿ ಕಳೆದ ದಿನಗಳನ್ನು ಇಲ್ಲಿ ವಿವರಿಸುವುದಿಲ್ಲ. ಅಪ್ಪ ಕೋಲೂರಿ ಅಂಗಳದವರೆಗೆ ನಡೆಯುವಂತಾದರು. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಎಡಗೈಯಿಂದಲೇ ಹಂಚಿದರು. ಅದನ್ನು ನೋಡಿ ಫೆಬ್ರುವರಿಗೆ ಟಿಕೆಟ್ ಮಾಡಿಸಿದೆ.

ಅಷ್ಟರಲ್ಲಿ ಜಪಾನಿನಲ್ಲಿ ನಿಯಮಗಳು ಮತ್ತೆ ಬಿಗಿಯಾಗಿದ್ದವು. ಜನವರಿ 7ರಂದು ಟೋಕಿಯೋ ಮತ್ತು ಸುತ್ತಲಿನ ಪ್ರಾಂತಗಳಿಗೆ ತುರ್ತು ಪರಿಸ್ಥಿತಿ ಘೋಷಣೆಯಾಗಿ, ಮರುವಾರ ನಮ್ಮ ಪಕ್ಕದ ಐಚಿ ಪ್ರಾಂತಕ್ಕೂ ವಿಸ್ತರಿಸಿತ್ತು. ಹೊಸದಾಗಿ ಬರುವ ವಿದೇಶಿಯರಿಗೆ ಬಾಗಿಲು ಮುಚ್ಚಿತ್ತು. ಮರಳುವ ನಿವಾಸಿಗಳಿಗೆ ತೆರೆದೇ ಇತ್ತು, ಆದರೆ ಪ್ರತಿಜ್ಞಾಪತ್ರವೊಂದಕ್ಕೆ ಸಹಿ ಮಾಡಬೇಕಿತ್ತು. ಹದಿನಾಲ್ಕು ದಿನ ಮನೆಯಲ್ಲಿಯೇ ಇರುತ್ತೇನೆ, ಸಾರ್ವಜನಿಕ ಸಾರಿಗೆ ಬಳಸುವುದಿಲ್ಲ, ಫೋನಿನಲ್ಲಿ ಸ್ಥಳದ ದಾಖಲೆ ಉಳಿಸಿಕೊಳ್ಳುತ್ತೇನೆ ಎಂಬುದು ಅದರ ಸಾರಾಂಶ. ಮೀರಿದರೆ ಜಪಾನೀಯರ ಹೆಸರು ಬಹಿರಂಗವಾಗಬಹುದು. ವಿದೇಶಿಯರ ನಿವಾಸಾನುಮತಿಯೇ ರದ್ದಾಗಬಹುದು. ಒಂದೇ ಮನೆಯ ಇಬ್ಬರಿಗೆ ಒಂದೇ ತಪ್ಪಿಗೆ ಇಷ್ಟು ಬೇರೆಯಾದ ಶಿಕ್ಷೆ ಏಕೆ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಿಜವಾದ ತೊಡಕು ಪರೀಕ್ಷೆಯದಾಗಿತ್ತು. ಜಪಾನ್ ತನ್ನದೇ ಆದ ಒಂದು ಪುಟದ ನಮೂನೆಯನ್ನು ಕೊಟ್ಟಿತ್ತು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಮಾದರಿಯ ಬಗೆ, ಪರೀಕ್ಷೆಯ ವಿಧಾನ, ಮಾದರಿ ತೆಗೆದ ದಿನ ಮತ್ತು ಸಮಯ, ಫಲಿತಾಂಶ, ವೈದ್ಯರ ಸಹಿ, ಸಂಸ್ಥೆಯ ಮೊಹರು ಎಲ್ಲವೂ ಅದರಲ್ಲಿ ತುಂಬಬೇಕು. ಮಾದರಿಯ ಬಗೆಗೆ ಅದರಲ್ಲಿದ್ದ ಚೌಕಗಳು ಮೂಗಿನ ಹಿಂಭಾಗದ ದ್ರವ ಮತ್ತು ಜೊಲ್ಲು; ಗಂಟಲಿನ ದ್ರವಕ್ಕೆ ಚೌಕವೇ ಇರಲಿಲ್ಲ. ನಮ್ಮಲ್ಲಿಯಾದರೋ ಮೂಗಿನದನ್ನೂ ಗಂಟಲಿನದನ್ನೂ ತೆಗೆದು ಒಂದೇ ಟ್ಯೂಬಿಗೆ ಹಾಕುವುದು ಆಗ ರೂಢಿಯಾಗಿತ್ತು, ಅಚ್ಚಾಗಿ ಬರುವ ರಿಪೋರ್ಟಿನಲ್ಲಿ ಎರಡರ ಹೆಸರೂ ಅಕ್ಕಪಕ್ಕದಲ್ಲಿರುತ್ತಿತ್ತು. ಶಿವಮೊಗ್ಗದಲ್ಲಿ ನಾನು ವಿಚಾರಿಸಿದ ಕಡೆ, “ಎರಡೂ ತಗೊಳ್ಳೋದೇ ಮೇಡಂ, ಬರೀ ಮೂಗಿಂದು ಅಂತ ಬರೆದುಕೊಡೋಕೆ ಆಗಲ್ಲ” ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ತೆಗೆದದ್ದೊಂದು, ಬರೆಯುವುದೊಂದು ಆಗಬಾರದು. ಬೆಂಗಳೂರಿನ ಲ್ಯಾಬುಗಳಿಗೆ ಫೋನ್ ಮಾಡುತ್ತ ಹೋದೆ. ಕೆಲವರು ಪರೀಕ್ಷೆಗೆ ಒಪ್ಪಿದರು, ಬೇರೆ ದೇಶದ ನಮೂನೆಗೆ ಸಹಿ ಹಾಕಲು ಒಪ್ಪಲಿಲ್ಲ. ಕೊನೆಗೆ ಜಯನಗರದ ಕಡೆಯ ಒಂದು ಸಣ್ಣ ಲ್ಯಾಬಿನ ಹಿರಿಯ ವೈದ್ಯರು, ನಮೂನೆಯನ್ನು ಮೊದಲೇ ವಾಟ್ಸ್ಆ್ಯಪಿನಲ್ಲಿ ತರಿಸಿಕೊಂಡು ಓದಿ, ಮೂಗಿನದಷ್ಟನ್ನೇ ತೆಗೆಸಿ ಸಹಿ ಹಾಕಿಕೊಡುವುದಾಗಿ ಹೇಳಿದರು.

ಆ ಮೇಲೆ ಗಂಟೆಗಳ ಲೆಕ್ಕ. ವಿಮಾನ ದೆಹಲಿಯಿಂದ ಗುರುವಾರ ಸಂಜೆ ಹೊರಡುವುದಿತ್ತು. 72 ಗಂಟೆಯನ್ನು ಹಿಂದಕ್ಕೆ ಎಣಿಸಿದರೆ ಸೋಮವಾರ ಸಂಜೆ. ಅದಕ್ಕಿಂತ ಮೊದಲು ಮಾದರಿ ಕೊಟ್ಟರೆ ಪ್ರಮಾಣಪತ್ರ ನಿರರ್ಥಕ. ಇಲ್ಲಿ ಎಣಿಕೆಗೆ ಬರುವುದು ಮಾದರಿ ತೆಗೆದ ಹೊತ್ತೇ ಹೊರತು ರಿಪೋರ್ಟ್ ಬಂದ ಹೊತ್ತಲ್ಲ. ಮತ್ತೊಂದು ತುದಿಯಲ್ಲಿ, ಚಳಿಗಾಲದ ಮಂಜಿನಿಂದ ದೆಹಲಿಯ ಬೆಳಗಿನ ವಿಮಾನಗಳು ತಡವಾಗುವುದು ಸಾಮಾನ್ಯವಾದ್ದರಿಂದ, ಬುಧವಾರ ಸಂಜೆಯೇ ಬೆಂಗಳೂರು ಬಿಟ್ಟು ದೆಹಲಿಯಲ್ಲಿ ರಾತ್ರಿ ಉಳಿಯಲು ನಿಶ್ಚಯಿಸಿದ್ದೆ. ಎಂದರೆ ಮಂಗಳವಾರ ಬೆಳಗ್ಗೆ ಮಾದರಿ, ಬುಧವಾರ ಮಧ್ಯಾಹ್ನದೊಳಗೆ ಸಹಿ-ಮೊಹರು. ಗುರುವಾರದ ವಿಮಾನವನ್ನು ಆರಿಸಿಕೊಂಡದ್ದಕ್ಕೂ ಇದೇ ಕಾರಣ: ಈ ಮೂರು ದಿನಗಳಲ್ಲಿ ಭಾನುವಾರ ಬರಬಾರದು. ಅಗ್ಗದ ಟಿಕೆಟ್ ಸೋಮವಾರಕ್ಕಿತ್ತು. ಅದನ್ನು ನೋಡಿಯೂ ಬಿಟ್ಟೆ.

ಸೋಮವಾರ ಅಣ್ಣ ಕಾರಿನಲ್ಲಿ ಬೆಂಗಳೂರಿಗೆ ಕರೆತಂದ. ಮಂಗಳವಾರ ಬೆಳಗ್ಗೆ ಲ್ಯಾಬಿನಲ್ಲಿ ಎಸ್‌ಆರ್‌ಎಫ್ ಸಂಖ್ಯೆಗಾಗಿ (ಪರೀಕ್ಷೆಯ ಮಾದರಿಗೆ ಕೊಡುವ ನೋಂದಣಿ ಸಂಖ್ಯೆ) ವಿವರ ತುಂಬಿಕೊಳ್ಳುವಾಗ ಹುಡುಗ ಅಭ್ಯಾಸಬಲದಿಂದ ಆಧಾರ್ ಕೇಳಿದ. ಪಾಸ್‌ಪೋರ್ಟನ್ನೇ ಮುಂದಿಟ್ಟೆ. ನಮ್ಮ ಕಡೆಯ ಅನೇಕರಂತೆ ನನಗೂ ಆಧಾರಿನಲ್ಲಿ ಹೆಸರಿನ ಮುಂದೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ರಿಪೋರ್ಟು, ನಮೂನೆ, ರೆಸಿಡೆನ್ಸ್ ಕಾರ್ಡ್ ಮೂರರಲ್ಲಿಯೂ ಒಂದೇ ಹೆಸರು ಅಕ್ಷರಶಃ ಇರಬೇಕಾದರೆ ಪಾಸ್‌ಪೋರ್ಟೊಂದೇ ಆಧಾರ. ಕಡ್ಡಿ ಮೂಗಿನೊಳಗೆ ಹೋಗಿ ಬಂದ ಕೂಡಲೇ ಗೋಡೆಯ ಗಡಿಯಾರ ನೋಡಿ ಸಮಯವನ್ನು ಚೀಟಿಯಲ್ಲಿ ಬರೆಸಿಕೊಂಡೆ. ಕಂಪ್ಯೂಟರಿನಲ್ಲಿ ಮಾದರಿ ನೋಂದಣಿಯಾಗುವ ಹೊತ್ತು ಎಷ್ಟೋ ಸಲ ಬೇರೆಯೇ ಆಗಿರುತ್ತದೆ.

ಬುಧವಾರ ಹನ್ನೊಂದಕ್ಕೆ ರಿಪೋರ್ಟ್ ನೆಗೆಟಿವ್ ಎಂದು ಬಂತು. ವೈದ್ಯರು ಕನ್ನಡಕ ಏರಿಸಿ ನಮೂನೆಯನ್ನು ಮೇಜಿನ ಮೇಲೆ ಹರಡಿ, “ಇಷ್ಟೆಲ್ಲ ಇದರಲ್ಲೇ ಬಂದಿದೆಯಲ್ಲಮ್ಮ, ಮತ್ತೆ ಕೈಯಲ್ಲಿ ಯಾಕೆ ಬರೀಬೇಕು?” ಎಂದು ಅಚ್ಚಾದ ರಿಪೋರ್ಟನ್ನು ತೋರಿಸಿದರು. “ಅವರಿಗೆ ಅವರ ಕಾಗದವೇ ಬೇಕಂತೆ ಸರ್” ಎಂದೆ. ನಕ್ಕು, ಒಂದೊಂದೇ ಚೌಕವನ್ನು ತುಂಬಿದರು. ಮೊಹರಿನ ನೇರಳೆ ಶಾಯಿ ಸ್ವಲ್ಪ ಹರಡಿ ಸಂಸ್ಥೆಯ ವಿಳಾಸದ ಕೊನೆಯ ಸಾಲು ಮಸುಕಾದಾಗ, ನಾನು ಕೇಳುವ ಮೊದಲೇ ಅವರೇ ಇನ್ನೊಂದು ಪ್ರತಿ ತೆಗೆದುಕೊಂಡು ಮತ್ತೆ ಬರೆದರು. ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ದೊಡ್ಡ ಉಪಕಾರ ಮಾಡಿದವರು ಅವರೇ.

ದೆಹಲಿಯ ಚೆಕ್-ಇನ್ ಕೌಂಟರಿನಲ್ಲಿ ಸಿಬ್ಬಂದಿ ನಮೂನೆಯ ಪ್ರತಿ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು ಓದಿದರು. ಮಾದರಿಯ ಸಮಯದಿಂದ ವಿಮಾನದ ಸಮಯದವರೆಗೆ ಬೆರಳೆಣಿಸಿ, ರೆಸಿಡೆನ್ಸ್ ಕಾರ್ಡಿನ ಎರಡೂ ಬದಿಯ ಚಿತ್ರ ತೆಗೆದುಕೊಂಡು, ಯಾರಿಗೋ ಫೋನ್ ಮಾಡಿ, ಆ ಮೇಲೆ ಬೋರ್ಡಿಂಗ್ ಪಾಸ್ ಕೊಟ್ಟರು. ನನ್ನ ಪಕ್ಕದ ಸಾಲಿನಲ್ಲಿ ಒಬ್ಬರ ಕಾಗದದಲ್ಲಿ ಮಾದರಿಯ ಚೌಕ ಖಾಲಿಯಿತ್ತು. ಅವರು ಲ್ಯಾಬಿಗೆ ಫೋನ್ ಮಾಡುತ್ತ ಬದಿಗೆ ನಿಂತಿದ್ದರು. ವಿಮಾನದೊಳಗೆ ಅವರನ್ನು ಕಂಡ ನೆನಪಿಲ್ಲ.

ಹನೇಡಾದಲ್ಲಿ ಇಳಿದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಸಾಲು, ಪ್ರತಿಜ್ಞಾಪತ್ರ, ಪ್ರಶ್ನಾವಳಿಯ ಕ್ಯೂಆರ್ ಕೋಡ್, ಆ ಮೇಲೆ ಜೊಲ್ಲಿನ ಪರೀಕ್ಷೆ. ಮತದಾನದ ಮರೆಯಂಥ ಕಿರಿದಾದ ಬೂತಿನಲ್ಲಿ ನಿಂತು, ಸಣ್ಣ ಆಲಿಕೆಯ ಮೂಲಕ ಟ್ಯೂಬಿನ ಗೆರೆಯವರೆಗೆ ಜೊಲ್ಲು ತುಂಬಬೇಕು. ರಾತ್ರಿಯೆಲ್ಲ ಮಾಸ್ಕ್ ಹಾಕಿ, ನೀರು ಕುಡಿಯದೆ ಬಂದವರ ಬಾಯಲ್ಲಿ ಜೊಲ್ಲೆಲ್ಲಿ? ಅದಕ್ಕೆಂದೇ ಕಣ್ಣೆದುರಿನ ಗೋಡೆಗೆ ನಿಂಬೆಹಣ್ಣಿನ ಮತ್ತು ಉಪ್ಪು ಹಾಕಿದ ಹುಳಿಹಣ್ಣು ಉಮೆಬೊಶಿಯ ಚಿತ್ರಗಳನ್ನು ಅಂಟಿಸಿದ್ದರು. ಉಮೆಬೊಶಿ ನನ್ನ ಮೇಲೆ ಏನೂ ಪರಿಣಾಮ ಮಾಡಲಿಲ್ಲ. ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನೆನೆಸಿಕೊಂಡ ಮೇಲೆ ಗೆರೆ ಮುಟ್ಟಿತು. ಫಲಿತಾಂಶಕ್ಕೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾಯಿತು. ವಲಸೆ ಅಧಿಕಾರಿ ಕಾರ್ಡ್ ನೋಡಿ ಎರಡೇ ನಿಮಿಷದಲ್ಲಿ ಮುದ್ರೆ ಒತ್ತಿದರು.

ಹನೇಡಾದಿಂದ ಹಮಾಮತ್ಸು ಸುಮಾರು 250 ಕಿಲೋಮೀಟರ್. ಶಿಂಕಾನ್ಸೆನ್ ಹತ್ತಿದರೆ ಎರಡು ಗಂಟೆಯೊಳಗಿನ ದಾರಿ. ಆದರೆ ರೈಲು, ಬಸ್ಸು, ಸಾಮಾನ್ಯ ಟ್ಯಾಕ್ಸಿ ಎಲ್ಲವೂ ನಿಷಿದ್ಧ. ನಮಗೆ ಸ್ವಂತ ಕಾರಿಲ್ಲ. ಪತಿ ಬಾಡಿಗೆ ಕಾರು ಪಡೆದು ಹಿಂದಿನ ರಾತ್ರಿಯೇ ಹೊರಟು ಬಂದಿದ್ದರು. ನಾನು ಹಿಂದಿನ ಸೀಟಿನಲ್ಲಿ ಕರ್ಣರೇಖೆಯಾಗಿ ಕುಳಿತೆ. ಇಬ್ಬರೂ ಮಾಸ್ಕ್ ತೆಗೆಯಲಿಲ್ಲ, ಫೆಬ್ರುವರಿಯ ಚಳಿಯಲ್ಲಿಯೂ ಕಿಟಕಿಗಳನ್ನು ಎರಡು ಬೆರಳಿನಷ್ಟು ತೆರೆದೇ ಇಟ್ಟೆವು. ತೋಮೆ ಹೆದ್ದಾರಿಯುದ್ದಕ್ಕೂ ಅಪ್ಪನ ಫಿಸಿಯೋಥೆರಪಿಯ ವಿಷಯವನ್ನು ಗಾಳಿಯ ಸದ್ದಿಗಿಂತ ಎತ್ತರದ ದನಿಯಲ್ಲಿ ಹೇಳುತ್ತ ಬಂದೆ.

ಹದಿನಾಲ್ಕು ದಿನಗಳ ಎಣಿಕೆ ಬಂದ ದಿನದಿಂದಲ್ಲ, ಮರುದಿನದಿಂದ ಆರಂಭವಾಗುತ್ತಿತ್ತು. ಪ್ರತಿದಿನ ಆರೋಗ್ಯ ವಿಚಾರಿಸುವ ಸಂದೇಶ ವಾಟ್ಸ್ಆ್ಯಪಿನಂಥ ಲೈನ್ ಆ್ಯಪಿಗೆ ಬರುತ್ತಿತ್ತು. ಉತ್ತರಿಸುವುದು ಒಂದು ನಿಮಿಷದ ಕೆಲಸ. ಪತಿಯ ಕಾರ್ಖಾನೆಯವರು ಅವರನ್ನೂ ಎರಡು ವಾರ ಕೆಲಸಕ್ಕೆ ಬರಬೇಡಿ ಎಂದರು. ಕಾನೂನು ಅದನ್ನು ಕೇಳಿರಲಿಲ್ಲ, ಆದರೆ ವಾದಿಸುವ ಸಮಯವೂ ಅದಾಗಿರಲಿಲ್ಲ.

ನಾನು ಬಳಸಿದ ನಮೂನೆಯ ಪ್ರತಿಯನ್ನೂ ಗಂಟೆಗಳ ಲೆಕ್ಕವನ್ನೂ ನಮ್ಮ ನಗರದಲ್ಲಿ ಎಂಜಿನಿಯರಾಗಿದ್ದ ಪರಿಚಯದ ತಮಿಳರೊಬ್ಬರ ಕುಟುಂಬಕ್ಕೆ ಕಳಿಸಿದೆ. ಅವರು ಏಪ್ರಿಲ್ ಆರಂಭದಲ್ಲಿ ಚೆನ್ನೈಗೆ ಹೊರಟರು. ಅಲ್ಲಿ ಎರಡನೆಯ ಅಲೆ ಎದ್ದಿತು. ಮೇ ತಿಂಗಳಲ್ಲಿ ಜಪಾನ್ ಭಾರತದಿಂದ ಬಂದವರಿಗೆ ಸರ್ಕಾರ ಗೊತ್ತುಪಡಿಸಿದ ಜಾಗದಲ್ಲಿ ಪ್ರತ್ಯೇಕವಾಸವನ್ನು ಮೊದಲು ಮೂರು ದಿನ, ಆ ಮೇಲೆ ಆರು, ತಿಂಗಳ ಕೊನೆಗೆ ಹತ್ತು ದಿನ ಎಂದು ಹೆಚ್ಚಿಸುತ್ತ ಹೋಯಿತು. ಮೇ 14ರಿಂದ ಭಾರತ, ಪಾಕಿಸ್ತಾನ, ನೇಪಾಳಗಳಲ್ಲಿದ್ದ ನಿವಾಸಿ ವಿದೇಶಿಯರ ಮರುಪ್ರವೇಶವನ್ನೂ ವಿಶೇಷ ಸಂದರ್ಭಗಳ ಹೊರತು ನಿಲ್ಲಿಸಿತು. ಆ ಕುಟುಂಬದ ಕಾಗದಗಳೆಲ್ಲ ಸರಿಯಾಗಿದ್ದವು, ಕಾರ್ಡಿನ ಅವಧಿಯೂ ಇತ್ತು. ವಾರಕ್ಕೊಮ್ಮೆ ಫೋನ್ ಮಾಡಿ ಹೊಸ ನಮೂನೆ ಬಂದಿದೆಯೇ ಎಂದು ಕೇಳುತ್ತಿದ್ದರು. ಇಲ್ಲಿ ಅವರ ಬಾಲ್ಕನಿಯ ಗಿಡಗಳಿಗೆ ನಾವು ನೀರು ಹಾಕುತ್ತಿದ್ದೆವು.