ಓಡಿ ಹಣ ಕೂಡಿಸಲು ಹೊರಟಿದ್ದೀರಾ? ಮೊದಲು ಇಷ್ಟು ಮಾಡಿ

ಕ್ಯಾನ್ಸರ್‌ನಿಂದ ಎದ್ದು ಬಂದಿದ್ದೀರಿ, ಈಗ ಸಂಶೋಧನೆಗೆ ಹಣ ಕೂಡಿಸಲು ಮಲ್ಪೆ ಕಡೆ ಒಂದು ಓಟ ಇಟ್ಟುಕೊಳ್ಳಬೇಕು ಅಂತ ಮನಸ್ಸಾಗಿದೆ, ಅಲ್ವಾ? ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಕೆಲವು ಕೀಮೋ ಮದ್ದುಗಳು ಹೃದಯವನ್ನು ದುರ್ಬಲ ಮಾಡುತ್ತವೆ, ಅದು ವರ್ಷಗಳ ನಂತರ ಗೊತ್ತಾಗುವುದೂ ಉಂಟು, ಹಾಗಾಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಇನ್ನು ಕೆಲವು ಮದ್ದುಗಳಿಂದ ಪಾದ ಜೋಮು ಹಿಡಿದ ಹಾಗಾಗುತ್ತದೆ. ನನಗೆ ಈಗಲೂ ಇದೆ. ಶೂ ಒಳಗೆ ಕಲ್ಲು ಸೇರಿದ್ದು ತಿಳಿಯದೆ, ಮನೆಗೆ ಬಂದು ಸಾಕ್ಸ್ ತೆಗೆದಾಗಲೇ ರಕ್ತ ಕಂಡಿದ್ದೇನೆ. ಪ್ರತಿ ಓಟದ ನಂತರ ಅಂಗಾಲು ನೋಡಿಕೊಳ್ಳಿ. ಮರಳಿನಲ್ಲಿ ಬರಿಗಾಲು ಬೇಡ.

ಹೆದ್ದಾರಿ 66 ಬಿಟ್ಟುಬಿಡಿ. ಪಡುಕೆರೆ ರಸ್ತೆ ಒಳ್ಳೆಯದು, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಡಿಸೆಂಬರ್, ಜನವರಿಯಲ್ಲಿ, ಬೆಳಕು ಹರಿಯುವಾಗಲೇ ಹೊರಡಿ. ನಮ್ಮ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ. ಉಪ್ಪು ಹಾಕಿದ ಗಂಜಿ ತಿಳಿ, ಬೊಂಡದ ನೀರು ಜೊತೆಗಿರಲಿ.

ಈಗ ಹಣದ ವಿಷಯ. ನಿಮ್ಮ ಸ್ವಂತ ಗೂಗಲ್ ಪೇ ನಂಬರ್ ಕೊಡಲೇಬೇಡಿ. ಹಣ ನೇರವಾಗಿ ಸಂಶೋಧನೆ ಮಾಡುವ ಸಂಸ್ಥೆಯ ಖಾತೆಗೇ ಹೋಗಬೇಕು, ರಸೀದಿ ಅಲ್ಲಿಂದಲೇ ಬರಬೇಕು. ಕ್ಯಾನ್ಸರ್‌ಗೆ ಅಂತ ಕೇಳಿದರೆ ಜನ ಯಾರದೋ ಆಸ್ಪತ್ರೆ ಬಿಲ್ಲಿಗೆ ಅಂದುಕೊಳ್ಳುತ್ತಾರೆ. ಅದೂ ಒಳ್ಳೆಯ ಕೆಲಸವೇ, ಆದರೆ ಬೇರೆ. ಸಂಶೋಧನೆ ಅಂದರೇನು ಅಂತ ಬಿಡಿಸಿ ಹೇಳಿ: ನನಗೆ ಕೊಟ್ಟ ಮದ್ದನ್ನು ಯಾರೋ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದರು, ಅದಕ್ಕೇ ನಾನು ಇವತ್ತು ಓಡುತ್ತಿದ್ದೇನೆ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ಕೇಂದ್ರ ಆಕ್ಟ್ರೆಕ್ ನವಿ ಮುಂಬೈನ ಖಾರ್ಘರ್‌ನಲ್ಲಿದೆ. ಯಾವ ಸಂಸ್ಥೆಯನ್ನೇ ಆರಿಸಿ, ಈ ಹಣ ಸಂಶೋಧನೆಗೇ ಹೋಗುತ್ತದೆ ಅಂತ ಪತ್ರದಲ್ಲಿ ಬರೆಸಿಕೊಳ್ಳಿ. ನಗದು ಕೊಡುವವರಿಗಾಗಿ ಮೊದಲೇ ಸಂಸ್ಥೆಯ ರಸೀದಿ ಪುಸ್ತಕ ಕೇಳಿ. ಒಬ್ಬರು ಹಣ ತೆಗೆದುಕೊಳ್ಳಲಿ, ಇನ್ನೊಬ್ಬರು ಬರೆಯಲಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನೂ ಹೇಳಿಬಿಡಿ.

ಚಿಕ್ಕ ಮೊತ್ತ ಕೇಳಲು ನಾಚಿಕೆ ಬೇಡ. ಮೂಳೆ ಕ್ಯಾನ್ಸರ್‌ಗೆ ಬಲಗಾಲು ಕಳೆದುಕೊಂಡಿದ್ದ ಕೆನಡಾದ ಟೆರ್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ಅಲ್ಲಿಗೇ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಸಂಶೋಧನೆಗೆ ಅಂತ ಅವರು ಕೇಳಿದ್ದು ತಲೆಗೆ ಒಂದು ಡಾಲರ್. 1981ರ ಫೆಬ್ರವರಿಗೆ ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತ್ತು, ದೇಶದ ಜನಸಂಖ್ಯೆಯೂ ಆಗ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ದೊಡ್ಡ ಅಂಗಡಿಗಳಿಗೆ ಮಾತ್ರ ಹೋಗಬೇಡಿ. ಯುವಕ ಮಂಡಲ, ಭಜನಾ ಮಂಡಳಿ, ಮಲ್ಪೆ ದಕ್ಕೆ, ಎಲ್ಲ ಕಡೆ ಹೋಗಿ. ಆದರೆ ಜೂನ್, ಜುಲೈನಲ್ಲಿ ದಕ್ಕೆಗೆ ಬೇಡ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಆ ತಿಂಗಳುಗಳಲ್ಲಿ ಅವರ ಕೈಯೇ ಖಾಲಿ ಇರುತ್ತದೆ.

ಓಟ ಮುಗಿದ ವಾರದೊಳಗೆ ಒಟ್ಟು ಎಷ್ಟಾಯಿತು ಅಂತ ಅದೇ ಜಾಗಗಳಿಗೆ ವಾಪಸ್ ಹೋಗಿ ಹೇಳಿ, ಸಂಸ್ಥೆಯ ರಸೀದಿ ತೋರಿಸಿ. ಹತ್ತು ರೂಪಾಯಿ ಕೊಟ್ಟ ಮೀನು ಮಾರುವ ಅಕ್ಕನಿಗೂ.