ಕ್ಯಾಲಿಫೋರ್ನಿಯಾಕ್ಕೆ ಹೊರಟ ನಮ್ಮ ಹುಬ್ಬಳ್ಳಿ ಹುಡುಗರಿಗೆ, ಹಳೆ ಕಾರಿನ ಬಗ್ಗೆ

ರಜೆಗೆ ಊರಿಗೆ ಬಂದಿದ್ದೇನೆ. ಕೇಶ್ವಾಪುರದ ಮನೆಗೆ ಸಂಜೆಯಾದರೆ ಯಾರಾದರೂ ಬರುತ್ತಾರೆ. ಮಗ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾನೆ, ಏನು ಒಯ್ಯಬೇಕು ಅಂತ ಕೇಳುತ್ತಾರೆ. ಚಟ್ನಿಪುಡಿ, ಮಸಾಲೆ ಖಾರದ ಬಗ್ಗೆ ಅವ್ವಂದಿರೇ ಹೇಳಲಿ. ನಾನು ಕಾರಿನ ಬಗ್ಗೆ ಹೇಳುತ್ತೇನೆ.

ಇಲ್ಲಿ ಪೆಟ್ರೋಲ್ ಬಂಕ್ ಪಕ್ಕದಲ್ಲಿ ಹೊಗೆ ತಪಾಸಣೆ ಮಾಡಿಸಿ ಚೀಟಿ ತರುತ್ತೇವೆ ಅಲ್ವಾ? ಅಲ್ಲಿ ಅದು ಸ್ಮಾಗ್ ಚೆಕ್, ಹಳೆ ಕಾರಿಗೆ ಎರಡು ವರ್ಷಕ್ಕೊಮ್ಮೆ. 2000 ಅಥವಾ ಆಮೇಲಿನ ಮಾಡೆಲ್ಲಿನ ಪೆಟ್ರೋಲ್ ಕಾರಾದರೆ ಹೊಗೆ ಅಳೆಯುವುದಿಲ್ಲ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ವಾಯರ್ ಸಿಕ್ಕಿಸಿ, ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ.

ನನ್ನ ಮೊದಲ ತಪ್ಪು ಕೊಳ್ಳುವಾಗಲೇ ಆಯಿತು. 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಮಾರುವವನೇ ಕೊಡಬೇಕು. 'ನೀನೇ ಮಾಡಿಸಿಕೋ, 200 ಡಾಲರ್ ಬಿಡ್ತೀನಿ' ಅಂದ. ಹೂಂ ಅಂದೆ. ಮೂರನೇ ದಿನ ಚೆಕ್ ಎಂಜಿನ್ ಲೈಟ್, ಅಂದರೆ ಎಂಜಿನ್ನಿನಲ್ಲಿ ಏನೋ ದೋಷವಿದೆ ಅನ್ನುವ ದೀಪ, ಹತ್ತಿತು.

ಅಪ್ಪನ ಕಾರು ನೋಡುತ್ತಿದ್ದ ಗೋಕುಲ ರಸ್ತೆಯ ಮಿಸ್ತ್ರಿಗೆ ಫೋನ್ ಮಾಡಿದೆ. 'ತಮ್ಮಾ, ಬ್ಯಾಟರಿ ವಾಯರ್ ಬಿಚ್ಚಿ ಹತ್ತು ನಿಮಿಷ ಬಿಡು, ಲೈಟ್ ತಾನ ಆರತೈತಿ' ಅಂದರು. ಆರಿತು. ಕುಣಿದುಕೊಂಡು ಟೆಸ್ಟಿಗೆ ಹೋದೆ, ಫೇಲ್. ಬ್ಯಾಟರಿ ಬಿಚ್ಚಿದರೆ ಕಂಪ್ಯೂಟರಿನ ನೆನಪೂ ಹೋಗುತ್ತದೆ. ಕೆಲವು ದಿನ ಊರೊಳಗೆ, ಹೈವೇಯಲ್ಲಿ ಓಡಿಸಿದ ಮೇಲೆಯೇ ಅದು ಎಲ್ಲವನ್ನೂ ಮತ್ತೆ ಪರೀಕ್ಷಿಸಿ 'ರೆಡಿ' ಅನ್ನುತ್ತದೆ. ದೋಷ ಕಂಡಾಗ ಕಂಪ್ಯೂಟರ್ ಬರೆದಿಡುವ ಗುರುತಿನ ಸಂಖ್ಯೆಗೆ ಕೋಡ್ ಅನ್ನುತ್ತಾರೆ. 2010 ಅಥವಾ ಆಮೇಲಿನ ಮಾಡೆಲ್ ಆದರೆ ಈಗ ಪರ್ಮನೆಂಟ್ ಕೋಡ್ ಅನ್ನೂ ನೋಡುತ್ತಾರೆ. ಅದನ್ನು ನಾವು ಅಳಿಸಲು ಆಗುವುದಿಲ್ಲ, ದೋಷ ಹೋಗಿದೆ ಅಂತ ಕಾರಿಗೇ ಖಾತ್ರಿಯಾಗಬೇಕು. ದಯವಿಟ್ಟು ಲೈಟ್ ಆರಿಸಬೇಡಿ. ಅದು ಯಾಕೆ ಹತ್ತಿದೆ ಅಂತ ಹುಡುಕಿ.

ಮೂರನೆಯ ತಪ್ಪು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೋಡ್ ಪಿ0420 ಬಂತು, ಅಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ. ಒಂದು ಗ್ಯಾರೇಜಿನವನು ಬೇರೇನೂ ನೋಡದೆ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕು ಅಂದ. ಅಲ್ಲಿ ರಾಜ್ಯ ಒಪ್ಪಿದ ಕನ್ವರ್ಟರನ್ನೇ ಹಾಕಬೇಕು, ಅದು ಬಲು ದುಬಾರಿ. ಊರಿಗೆ ಬರಲು ಟಿಕೆಟ್ಟಿಗೆ ಇಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ತಿಂಗಳಲ್ಲಿ ಲೈಟ್ ಮತ್ತೆ ಹತ್ತಿತು. ಇನ್ನೊಬ್ಬ ಮೆಕ್ಯಾನಿಕ್ ನನ್ನನ್ನೂ ಕಾರಿನ ಕೆಳಗೆ ಕರೆದು ಟಾರ್ಚ್ ಹಿಡಿದ. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಕಾಡಿಗೆ ಎಳೆದಂತೆ ಕಪ್ಪು ಗೆರೆ. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿತ್ತು. ಅಲ್ಲಿಂದ ಗಾಳಿ ಒಳಹೊಕ್ಕು ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಹೇಳುತ್ತಿತ್ತು. ಗ್ಯಾಸ್ಕೆಟ್ ಬೆಲೆ ಒಂದು ಊಟದಷ್ಟು. ಮುಂದಿನ ವರ್ಷ ನಾನು ಊರಿಗೆ ಬಂದಾಗ ಅಪ್ಪ ಇರಲಿಲ್ಲ.

ಕೋಡ್ ಅಂದರೆ ಜ್ವರ ಇದ್ದ ಹಾಗೆ, ರೋಗದ ಹೆಸರಲ್ಲ. ಒಂದು ಸಣ್ಣ ಸ್ಕ್ಯಾನರ್ ಇದ್ದರೆ ಕೋಡನ್ನು ನೀವೇ ಓದಬಹುದು. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ರಬ್ಬರ್ ಸೀಳಿದ್ದರೂ ಲೈಟ್ ಹತ್ತುತ್ತದೆ. ಆಮೇಲೂ ಗೊತ್ತಾಗದಿದ್ದರೆ ಬರೀ ತಪಾಸಣೆಗೆ ಅಂತ ದುಡ್ಡು ಕೊಡಿ, ಅದು ದಂಡವಲ್ಲ. ಟೆಸ್ಟಿಗೆ ಮುಂಚೆ ಪ್ರೀ-ಟೆಸ್ಟ್, ಅಂದರೆ ಅಧಿಕೃತವಲ್ಲದ ಮುನ್ನೋಟದ ಟೆಸ್ಟ್, ಕೇಳಿ. ಆದಾಯ ಕಡಿಮೆಯಿದ್ದರೆ ರಾಜ್ಯವೇ ರಿಪೇರಿಗೆ ನೆರವು ಕೊಡುತ್ತದೆ, ಆದರೆ ಅರ್ಜಿ ಮೊದಲು, ರಿಪೇರಿ ಆಮೇಲೆ. ಫೇಲ್ ಆದರೂ ರಿಜಿಸ್ಟ್ರೇಷನ್ ಫೀ ಹೊತ್ತಿಗೆ ಸರಿಯಾಗಿ ಕಟ್ಟಿಬಿಡಿ.

ನಿನ್ನೆ ಮಗಳನ್ನು ಆ ಮಿಸ್ತ್ರಿಯ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಬಾನೆಟ್ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳುತ್ತಿದ್ದರು. ಮಗಳು ಬೆರಗಾಗಿ ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು. ಅವರು ನನ್ನ ಮುಖ ನೋಡಿದರು. ನಡುವೆ ನಿಂತು ಇಬ್ಬರಿಗೂ ತಿಳಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಹೊರಡುವ ಮುಂಚೆ ಒಮ್ಮೆ ಮನೆಗೆ ಬನ್ನಿ. 20 ಡಾಲರಿನ ಸ್ಕ್ಯಾನರ್ ತಂದಿದ್ದೇನೆ. ತಮ್ಮನ ಕಾರಿಗೆ ಸಿಕ್ಕಿಸಿ ತೋರಿಸುತ್ತೇನೆ.