ಬಿದಿರಿನ ಬೋನ್ಸಾಯ್: ಸಿಪ್ಪೆ ಬಿಚ್ಚುವ ಇಪ್ಪತ್ತು ದಿನ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಮೋಟರಿನ ತಿರುಗದ ಭಾಗವಾದ ಸ್ಟೇಟರಿನ ಸ್ಲಾಟಿಗೆ (ಸಂದಿಗೆ) ತಂತಿ ತುಂಬಿದ ಮೇಲೆ ಅದು ಹೊರಗೆ ಜಾರದಂತೆ ಬಿದಿರಿನ ಪಟ್ಟಿ ಬಡಿಯುತ್ತೇವೆ. ಹಾಗಾಗಿ ಇಪ್ಪತ್ತೆರಡು ವರ್ಷದಿಂದ ದಿನಾ ಬಿದಿರು ಮುಟ್ಟುತ್ತಿದ್ದೇನೆ. ಹಸಿರು ಬಿದಿರನ್ನು ಬೋನ್ಸಾಯ್ ಮಾಡಿ, ಅಂದರೆ ಅಗಲ ತಾಟಿನಲ್ಲಿ ಗಿಡ್ಡವಾಗಿ, ಸಾಕಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಈಗ ಮಾಳಿಗೆಯ ಮೇಲೆ ಏಳು ತಾಟು ಇವೆ. ಎಲ್ಲಕ್ಕಿಂತ ಎತ್ತರದ್ದು ಒಂದೂವರೆ ಅಡಿ.

ಅದರಲ್ಲಿ ಒಂದನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟಿರುತ್ತೇನೆ. ಮೋಟರ್ ಒಯ್ಯಲು ಬಂದ ರೈತರು ಅದನ್ನು ನೋಡಿ ಕೇಳುವುದು ಒಂದೇ ಪ್ರಶ್ನೆ. "ಮಿಸ್ತ್ರಿ, ಇದನ್ನ ಹೆಂಗ ಗಿಡ್ಡ ಇಟ್ಟೀರಿ? ದಿನಾ ಕತ್ತರಸ್ತೀರೇನು?" ಕತ್ತರಿಸಿ ಗಿಡ್ಡ ಮಾಡಿದರೆ ಅದು ಮುರಿದ ಕೋಲಿನ ಹಾಗೆ ಕಾಣುತ್ತದೆ, ಅಷ್ಟೇ. ಇದರ ಗುಟ್ಟು ಬೇರೆ.

ಆಲ, ಬಸರಿ, ಹುಣಸೆ ಸಾಕಿದವರಿಗೆ ಬೋನ್ಸಾಯ್ ಅಂದರೆ ಕಾಂಡ ದಪ್ಪ ಮಾಡುವುದು, ಕೊಂಬೆ ಸವರುವುದು, ತಂತಿ ಸುತ್ತಿ ಬಗ್ಗಿಸುವುದು. ಬಿದಿರಿಗೆ ಇದ್ಯಾವುದೂ ನಡೆಯುವುದಿಲ್ಲ. ಯಾಕೆಂದರೆ ಬಿದಿರು ಮರ ಅಲ್ಲ, ಹುಲ್ಲು. ಜೋಳ, ಕಬ್ಬು ಇದರ ಬಳಗ. (ನಮ್ಮ ಅರಣ್ಯ ಕಾಯ್ದೆ ಮಾತ್ರ ಬಹಳ ಕಾಲ ಇದನ್ನು ಮರ ಅಂತಲೇ ನಂಬಿತ್ತು. 2017ರಲ್ಲಿ ತಿದ್ದುಪಡಿ ಮಾಡಿ ಮರದ ವ್ಯಾಖ್ಯೆಯಿಂದ ಬಿದಿರನ್ನು ತೆಗೆದರು.) ಮರದ ಕಾಂಡ ವರ್ಷ ವರ್ಷ ದಪ್ಪವಾಗುತ್ತದೆ. ಬಿದಿರಿನ ಗಳ ಮಣ್ಣಿನಿಂದ ಎಷ್ಟು ದಪ್ಪ ಎದ್ದಿತೋ ಸಾಯುವ ತನಕ ಅಷ್ಟೇ ದಪ್ಪ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಅದರ ಗೇಜ್ ಹುಟ್ಟುವಾಗಲೇ ನಿಂತುಬಿಟ್ಟಿರುತ್ತದೆ. 21 ಗೇಜ್ ತಂತಿ ನಾಳೆ ಅದಕ್ಕಿಂತ ದಪ್ಪದ 18 ಆಗುತ್ತದಾ? ಎತ್ತರವೂ ಹಾಗೇ. ಕೆಲವೇ ವಾರಗಳಲ್ಲಿ ಸರಸರ ಎದ್ದು ನಿಂತರೆ ಆ ಗಳದ ಎತ್ತರ ಮುಗಿಯಿತು. ಆ ಕೆಲವು ವಾರಗಳಲ್ಲಿ ಮಾಡಿದ್ದೇ ಕೆಲಸ. ಉಳಿದ ಹನ್ನೊಂದು ತಿಂಗಳು ನೀರು ಹಾಕುವುದು, ಕಾಯುವುದು.

ಮೊದಲು ಗಿಡದ ಆಯ್ಕೆ. ಇಲ್ಲಿ ನಾನು ಮೋಸ ಹೋಗಿದ್ದೇನೆ, ನೀವು ಹೋಗಬೇಡಿ. ಒಂಬತ್ತು ವರ್ಷದ ಹಿಂದೆ ಫೋನಿನಲ್ಲಿ ಚಿತ್ರ ನೋಡಿ "ಕುಬ್ಜ ಬಿದಿರು" ಅಂತ ತರಿಸಿದೆ. ಡಬ್ಬಿ ಬಿಚ್ಚಿದರೆ ಒಳಗೆ ಲಕ್ಕಿ ಬ್ಯಾಂಬೂ. ಗಾಜಿನ ಲೋಟದ ನೀರಿನಲ್ಲಿ ಸುರುಳಿಯಾಗಿ ನಿಲ್ಲಿಸುತ್ತಾರಲ್ಲ, ಅದೇ. ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರೆಸೀನಾ ಗಿಡ. ಚೆನ್ನಾಗಿಯೇ ಬೆಳೆಯುತ್ತದೆ, ಅದರ ತಪ್ಪೇನಿಲ್ಲ. ಆದರೆ ಈಗ ನಾನು ಹೇಳುವ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಮೇದಾರರು ಬುಟ್ಟಿ ಹೆಣೆಯುವ ದೊಡ್ಡ ಬಿದಿರೂ ಬೇಡ. ಅದು ತಾಟಿನಲ್ಲಿ ನಿಲ್ಲುವ ಜಾತಿ ಅಲ್ಲ.

ನರ್ಸರಿಯಲ್ಲಿ "ಬುದ್ಧ ಬೆಲ್ಲಿ" ಅಂತ ಕೇಳಿ. ಇದರ ಗಣಿಕೆಗಳು (ಎರಡು ಗಣ್ಣುಗಳ ನಡುವಿನ ಭಾಗ) ತಳದಲ್ಲಿ ಉಬ್ಬಿ ಪುಟ್ಟ ಹೊಟ್ಟೆಯ ಹಾಗೆ ಕಾಣುತ್ತವೆ. ನಮ್ಮ ಅವ್ವ ಇದಕ್ಕೆ ಗಣಪ್ಪನ ಹೊಟ್ಟೆ ಬಿದಿರು ಅನ್ನುತ್ತಾಳೆ. ಮಜಾ ಏನೆಂದರೆ, ಇದೇ ಗಿಡವನ್ನು ಹೊಲದ ಬದುವಿಗೆ ಹಚ್ಚಿ ಸಮೃದ್ಧ ನೀರು ಕೊಟ್ಟರೆ ಹೊಟ್ಟೆ ಬರುವುದೇ ಇಲ್ಲ, ನೆಟ್ಟಗೆ ಬೆಳೆದುಬಿಡುತ್ತದೆ. ಕುಂಡದ ಇಕ್ಕಟ್ಟು, ಸ್ವಲ್ಪ ನೀರಡಿಕೆ ಇದ್ದರೇನೇ ಹೊಟ್ಟೆ. ಹಾಗಾಗಿ ನರ್ಸರಿಯ ಗಿಡ ನೆಟ್ಟಗಿದ್ದರೆ ಬಿಟ್ಟು ಬರಬೇಡಿ. ಈಗಿರುವ ಗಳಗಳನ್ನು ನೋಡುವುದಕ್ಕಿಂತ ಮಣ್ಣು ಕೆದರಿ ಗಡ್ಡೆ ನೋಡಿ. ಒಂದು ಕುಂಡದಲ್ಲಿ ಮೂರು ನಾಲ್ಕು ಗಳ ಇರಬೇಕು, ಒಂದಾದರೂ ಕಳೆದ ವರ್ಷದ್ದಿರಬೇಕು. ಹೊಸ ಮೊಳಕೆ ಬರುವುದು ಎಳೆಯ ಗಳದ ಗಡ್ಡೆಯಿಂದಲೇ. ಮುದಿ ಗಳಗಳಷ್ಟೇ ಇರುವ ಗಿಡ ತಂದರೆ ಎರಡು ವರ್ಷ ಸುಮ್ನೆ ಕೂತಿರುತ್ತದೆ. ನನಗೆ ಸರಿಯಾದ ಗಿಡ ಸಿಕ್ಕಿದ್ದು ಇಲ್ಲೇ ನಮ್ಮೂರಿನ ತೋಟಗಾರಿಕೆ ಮೇಳದಲ್ಲಿ.

ತಾಟಿಗೆ ಹೊರಗೆ ಹುಡುಕಬೇಡಿ. ನಾನು ಕುಂಬಾರರ ಹತ್ತಿರ ಹೋಗಿ ಹದಿನಾಲ್ಕು ಇಂಚು ಅಗಲ, ನಾಲ್ಕು ಇಂಚು ಆಳದ ಮಣ್ಣಿನ ತಾಟು ಮಾಡಿಕೊಡಿ, ತಳಕ್ಕೆ ನಾಲ್ಕು ತೂತು ಇರಲಿ ಅಂದೆ. "ತೂತು ಬಿದ್ದದ್ದನ್ನ ಮಂದಿ ವಾಪಸ್ ತರ್ತಾರ, ನೀವು ತೂತು ಬೇಕಂತೀರಲ್ರೀ" ಅಂತ ಹಿರಿಯರು ನಕ್ಕರು. ಮಾಡಿಕೊಟ್ಟರು. ಪುಸ್ತಕದ ಚಿತ್ರಗಳಲ್ಲಿ ಕಾಣುವ ಎರಡು ಇಂಚಿನ ತೆಳು ತಾಟು ನಮ್ಮ ಬಿಸಿಲಿಗೆ ಬೇಡ. ಮಧ್ಯಾಹ್ನ ಹನ್ನೆರಡಕ್ಕೇ ಒಣಗಿ ಹೆಂಚಾಗುತ್ತದೆ.

ಮಣ್ಣಿನ ವಿಷಯದಲ್ಲಿ ಒಂದೇ ಮಾತು: ಎರೆಮಣ್ಣು ಹಾಕಬೇಡಿ. ಹೊಲದಲ್ಲಿ ಅದು ಬಂಗಾರ, ತಾಟಿನಲ್ಲಿ ಯಮ. ನೆನೆದರೆ ಅಂಟಾಗಿ ಬೇರಿಗೆ ಉಸಿರು ಕಟ್ಟುತ್ತದೆ, ಒಣಗಿದರೆ ಬಾಯಿ ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ. ಇಟ್ಟಿಗೆ ಚೂರು ಜೋಳದ ಕಾಳಿನಿಂದ ಕಡಲೆ ಕಾಳಿನಷ್ಟು ದಪ್ಪ ಇರಲಿ. ಧೂಳನ್ನು ಸಾಣಿಗೆಯಲ್ಲಿ ಹಿಡಿದು ತೆಗೆದುಬಿಡಿ.

ಕುಂಡದಿಂದ ತಾಟಿಗೆ ಹಾಕುವುದು ಮೇ ಕೊನೆ ಅಥವಾ ಜೂನ್ ಮೊದಲ ವಾರ, ಒಂದೆರಡು ಮಳೆ ಬಿದ್ದು ಗಾಳಿ ತಂಪಾದ ಮೇಲೆ, ಮೊಳಕೆ ಏಳುವ ಮುಂಚೆ. ಬೇರು ಗಟ್ಟಿ ಹೆಣೆದುಕೊಂಡಿರುತ್ತದೆ, ಕತ್ತರಿಗೆ ಬಗ್ಗುವುದಿಲ್ಲ. ನಾನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುತ್ತೇನೆ. ಮೂರು ಗಳ ಒಟ್ಟಿಗೆ ಇರುವಂತೆ ಗಡ್ಡೆ ಬೇರ್ಪಡಿಸಿ, ಕೆಳಗಿನ ಬೇರನ್ನು ಮೂರನೇ ಒಂದು ಪಾಲು ಕತ್ತರಿಸಿ, ಎಲೆಗಳನ್ನೂ ಅರ್ಧ ಸವರಿ ತಾಟಿನಲ್ಲಿ ಕೂಡಿಸಿ. ಗಿಡ ಅಲುಗಿದರೆ ಹೊಸ ಬೇರು ಹಿಡಿಯುವುದಿಲ್ಲ. ಅದಕ್ಕೆ ತೂತಿನಿಂದ ತಾಮ್ರದ ತಂತಿ ತೂರಿಸಿ ಗಡ್ಡೆಯನ್ನು ತಾಟಿಗೆ ಬಿಗಿಯುತ್ತೇನೆ. ಸುಟ್ಟ ಮೋಟರಿನ ತಂತಿ ನನ್ನಲ್ಲಿ ಬೇಕಾದಷ್ಟಿದೆ, ಮೆತ್ತಗೂ ಇರುತ್ತದೆ. ಮೂರು ವಾರ ನೆರಳು. ಇದೇ ಕೆಲಸ ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಒಂದು ಸಲ ಮೂರು ವರ್ಷ ಬಿಟ್ಟೆ, ಬೇರು ಉಬ್ಬಿ ತಾಟೇ ಸೀಳಿತು.

ಈಗ ಮುಖ್ಯ ಕೆಲಸಕ್ಕೆ ಬರೋಣ.

ಜುಲೈ, ಆಗಸ್ಟ್ ಹೊತ್ತಿಗೆ ಮಣ್ಣಿನಿಂದ ಚೂಪಾದ ಮೊಳಕೆ ಏಳುತ್ತವೆ. ಅದೃಷ್ಟಕ್ಕೆ ಆಗ ನನ್ನ ಅಂಗಡಿಯಲ್ಲಿ ಕೆಲಸ ಕಡಿಮೆ. ಮಳೆ ಬಿದ್ದರೆ ಪಂಪು ನಿಲ್ಲುತ್ತವೆ, ಪಂಪು ನಿಂತರೆ ಸುಡುವುದಿಲ್ಲ. ಮೊದಲು ಮೊಳಕೆಗಳ ದಪ್ಪ ನೋಡಿ. ಪೆನ್ಸಿಲಿಗಿಂತ ದಪ್ಪ ಇರುವುದನ್ನು, ತಾಟಿನ ಅಂಚಿಗೆ ಒತ್ತಿಕೊಂಡು ಬಂದದ್ದನ್ನು ಎಳೆಯದಾಗಿರುವಾಗಲೇ ಬುಡಕ್ಕೆ ಮುರಿದುಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಆ ದಪ್ಪ ಆಮೇಲೆ ಇಳಿಯುವುದಿಲ್ಲ. ಒಂದು ತಾಟಿಗೆ ವರ್ಷಕ್ಕೆ ಮೂರು ಹೊಸ ಗಳ ಸಾಕು.

ಗೋವಿನಜೋಳದ ತೆನೆಗೆ ಸಿಪ್ಪೆ ಸುತ್ತಿಕೊಂಡಿರುತ್ತದಲ್ಲ, ಹಾಗೆ ಮೊಳಕೆಯ ಒಂದೊಂದು ಗಣ್ಣಿನಿಂದಲೂ ಒಂದೊಂದು ಸಿಪ್ಪೆ ಎದ್ದು ಮೇಲಿನ ಗಣಿಕೆಯನ್ನು ಸುತ್ತಿರುತ್ತದೆ. ಗಣಿಕೆ ಉದ್ದವಾಗುವುದು ತನ್ನ ಬುಡದಲ್ಲಿ, ಗಣ್ಣಿನ ಸ್ವಲ್ಪ ಮೇಲೆ. ಆ ಜಾಗ ಬೆಣ್ಣೆಯಷ್ಟು ಮೆತ್ತಗೆ. ಸಿಪ್ಪೆ ಅದನ್ನು ಬಿಗಿಯಾಗಿ, ತಂಪಾಗಿ ಹಿಡಿದಿರುತ್ತದೆ. ಸಿಪ್ಪೆಯನ್ನು ಹೊತ್ತಿಗೆ ಮುಂಚೆ ತೆಗೆದರೆ ಗಾಳಿ ಬೆಳಕು ತಾಗಿ ಆ ಮೆತ್ತನೆ ಭಾಗ ಗಟ್ಟಿಯಾಗುತ್ತದೆ, ಉದ್ದವಾಗುವುದು ಅಲ್ಲಿಗೇ ನಿಲ್ಲುತ್ತದೆ. ಗೇಣುದ್ದ ಆಗಬೇಕಿದ್ದ ಗಣಿಕೆ ಒಂದು ಇಂಚಿಗೆ ನಿಂತಿತು. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹೀಗೇ ಮಾಡುತ್ತ ಹೋದರೆ ಹನ್ನೆರಡು ಹದಿನೈದು ಗಣಿಕೆಯ ಪೂರ್ತಿ ಬಿದಿರು ಒಂದು, ಒಂದೂಕಾಲು ಅಡಿಯೊಳಗೆ ಮುಗಿಯುತ್ತದೆ. ಇಷ್ಟೇ ಗುಟ್ಟು.

ಮೊಳಕೆ ಎರಡೂವರೆ ಮೂರು ಇಂಚು ಎದ್ದಾಗ ಶುರು ಮಾಡಿ. ಬೆಳಿಗ್ಗೆ, ಬಿಸಿಲು ಏರುವ ಮುಂಚೆ. ನನ್ನ ಸಾಮಾನು ಎರಡೇ: ಗೋಣಿಚೀಲ ಹೊಲಿಯುವ ದಬ್ಬಣ, ಅರ್ಧ ಮುರಿದ ಶೇವಿಂಗ್ ಬ್ಲೇಡ್. ಎಲ್ಲಕ್ಕಿಂತ ಕೆಳಗಿನ ಸಿಪ್ಪೆಯಲ್ಲಿ ಒಂದು ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ, ಧೋತರದ ಅಂಚಿನ ಹಾಗೆ. ದಬ್ಬಣದ ತುದಿಯಿಂದ ಆ ಅಂಚನ್ನು ಎಬ್ಬಿಸಿ. ಬುಡದಲ್ಲಿ ಸಿಪ್ಪೆ ಗಣ್ಣಿಗೆ ಅಂಟಿರುವ ಕಡೆ ಬ್ಲೇಡಿನಿಂದ ಸುತ್ತಲೂ ಗೀರಿ. ಆಮೇಲೆ ಕೆಳಗೆ ಜಗ್ಗದೆ, ಸುತ್ತು ಬಿಚ್ಚಿದ ಹಾಗೆ ತಿರುಗಿಸುತ್ತ ತೆಗೆಯಿರಿ. ತಂತಿಯ ಇನ್ಸುಲೇಶನ್ ಸುಲಿಯುವಾಗ ಬ್ಲೇಡ್ ತಾಮ್ರಕ್ಕೆ ತಾಗಬಾರದು, ತಾಗಿದರೆ ಮುಂದೆ ಅಲ್ಲೇ ತುಂಡಾಗುತ್ತದೆ. ಇಲ್ಲೂ ಅದೇ. ಬ್ಲೇಡ್ ತಾಗಿದ ಜಾಗ ಎರಡು ದಿನದಲ್ಲಿ ಕಪ್ಪಾಗಿ ಮೊಳಕೆ ಬಾಗಿಬಿಡುತ್ತದೆ.

ಬಿಚ್ಚಿದಾಗ ಗಣಿಕೆ ದಂತದ ಬಣ್ಣ ಇರುತ್ತದೆ, ಕೈಗೆ ತಣ್ಣಗೆ. ಒಂದೆರಡು ದಿನದಲ್ಲಿ ತಿಳಿ ಹಸಿರಿಗೆ ತಿರುಗುತ್ತದೆ. ಹಸಿರಾಯಿತು ಅಂದರೆ ಗಟ್ಟಿಯಾಯಿತು, ಮೇಲಿನ ಸಿಪ್ಪೆಗೆ ಕೈ ಹಾಕಬಹುದು. ಸೆಖೆ ಜಾಸ್ತಿ ಇದ್ದು ಮೊಳಕೆ ಓಡುತ್ತಿದ್ದರೆ ದಿನಕ್ಕೊಂದು, ಮೋಡ ಇದ್ದರೆ ಎರಡು ದಿನಕ್ಕೊಂದು. ಒಂದು ಗಳಕ್ಕೆ ಸುಮಾರು ಇಪ್ಪತ್ತು ದಿನ ಹಿಡಿಯುತ್ತದೆ. ಆ ಇಪ್ಪತ್ತು ದಿನ ಊರಿಗೆ ಹೋಗುವಂತಿಲ್ಲ. ಒಮ್ಮೆ ತಂಗಿಯ ಊರಿಗೆ ಜಾತ್ರೆಗೆಂದು ಹೋಗಿ ಮೂರು ದಿನ ಬಿಟ್ಟು ಬಂದೆ. ಕೆಳಗೆ ಆರು ಗಣಿಕೆ ಇಂಚಿಂಚು, ನಡುವೆ ಒಂದು ಗಣಿಕೆ ಐದು ಇಂಚು, ಮೇಲೆ ಮತ್ತೆ ಇಂಚಿಂಚು. ಕೊಕ್ಕರೆಯ ಕುತ್ತಿಗೆ! ಆ ತಾಟು ಈಗಲೂ ಇದೆ, ಹಿಂದಿನ ಸಾಲಿನಲ್ಲಿ.

ಮೊದಲ ವರ್ಷ ಎಲ್ಲರೂ ಮಾಡುವ ತಪ್ಪು ಅವಸರ. ಚೆನ್ನಾಗಿ ಬರುತ್ತಿದೆ ಅಂತ ಒಂದೇ ಬೆಳಿಗ್ಗೆ ನಾಲ್ಕು ಸಿಪ್ಪೆ ಬಿಚ್ಚಿದೆ. ಮಧ್ಯಾಹ್ನಕ್ಕೆ ತನ್ನ ತೂಕ ತಾಳದೆ ಮೊಳಕೆ ಟಕ್ ಅಂತ ಮುರಿದು ಬಿತ್ತು. ಇನ್ನೊಂದು, ಬಿಚ್ಚಿದ ಗಣಿಕೆಗೆ ಮಳೆ ನೀರು ಬೀಳಬಾರದು, ಉಳಿದ ಸಿಪ್ಪೆಯ ಸಂದಿಯಲ್ಲಿ ನೀರು ನಿಂತು ಕೊಳೆಯುತ್ತದೆ. ಆ ದಿನಗಳಲ್ಲಿ ತಾಟನ್ನು ಶೀಟಿನ ಕೆಳಗಿಟ್ಟು ಮಣ್ಣಿಗಷ್ಟೇ ನೀರು ಹಾಕಿ, ಅದೂ ಮೇಲ್ಮಣ್ಣು ಒಣಗಿದ ಮೇಲೆ. ಹೊಟ್ಟೆ ಉಬ್ಬುವುದೂ ಈ ಸಣ್ಣ ನೀರಡಿಕೆಯಲ್ಲೇ. ಗೊಬ್ಬರ ಮಾತ್ರ ಆಗ ಬೇಡವೇ ಬೇಡ. ಎತ್ತರ ಸಾಕು ಅನ್ನಿಸಿದಾಗ ಒಂದು ಗಣ್ಣಿನ ಸ್ವಲ್ಪ ಮೇಲೆ ತುದಿ ಕತ್ತರಿಸಿ. ಗಣ್ಣಿಗಿಂತ ಬಹಳ ಮೇಲೆ ಕತ್ತರಿಸಿದರೆ ಟೊಳ್ಳಿನಲ್ಲಿ ನೀರು ತುಂಬುತ್ತದೆ. ಕೆಲವು ವಾರದಲ್ಲಿ ಗಣ್ಣುಗಳಿಂದ ಕವಲು, ಎಲೆ ಬರುತ್ತವೆ.

ಬೇಸಿಗೆಯದೇ ದೊಡ್ಡ ಚಿಂತೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಕಾಂಕ್ರೀಟು ಕೇಳಲೇಬೇಡಿ. ಮಾರ್ಚಿನಿಂದಲೇ ಅರ್ಧ ನೆರಳಿನ ಹಸಿರು ಬಲೆ ಕಟ್ಟಿ. ತಾಟನ್ನು ನೆಲಕ್ಕೆ ಇಡದೆ ಇಟ್ಟಿಗೆಯ ಮೇಲಿಟ್ಟು ಸುತ್ತ ಒದ್ದೆ ಗೋಣಿಚೀಲ ಹಾಸಿ. ನೀರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬಿದಿರು ನೀರಡಿಕೆಯನ್ನು ಮುಚ್ಚಿಡುವುದಿಲ್ಲ, ಎಲೆಯನ್ನು ಉದ್ದಕ್ಕೆ ಸುತ್ತಿಕೊಂಡು ಸೂಜಿಯ ಹಾಗೆ ಮಾಡಿಕೊಳ್ಳುತ್ತದೆ. ಆಗಲೇ ನೀರು ಕೊಟ್ಟರೆ ಬಿಚ್ಚಿಕೊಳ್ಳುತ್ತದೆ. ಸುತ್ತಿಕೊಂಡ ಎಲೆ ಬಿಳಿಚಿ ಗರಿಗರಿ ಆಯಿತೆಂದರೆ ಹೊತ್ತು ಮೀರಿದೆ. ಒಂದು ಮೇ ತಿಂಗಳು ಅಂಗಡಿ ಮುಂದೆ ಸುಟ್ಟ ಮೋಟರುಗಳ ಸಾಲು ನಿಂತಿತ್ತು, ಎರಡು ದಿನ ಮಾಳಿಗೆ ಹತ್ತಲಿಲ್ಲ. ನಾಲ್ಕು ವರ್ಷದ ತಾಟು ಹೋಯಿತು.

ನೀರಿನ ಜಾತಿಯೂ ಮುಖ್ಯ. ನಮ್ಮ ಬೋರಿನ ನೀರು ಸವಳು. ಅದನ್ನೇ ಹಾಕುತ್ತಿದ್ದರೆ ತಾಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಸುಡುತ್ತದೆ. ನಳದ ಹೊಳೆ ನೀರು ಬಂದ ದಿನ ಎರಡು ಕೊಡ ತೆಗೆದಿಡಿ. ಹದಿನೈದು ದಿನಕ್ಕೊಮ್ಮೆ ತಳದ ತೂತಿನಿಂದ ಧಾರಾಳ ಹರಿದು ಹೋಗುವಷ್ಟು ಹಾಕಿ ಉಪ್ಪು ತೊಳೆಯಿರಿ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಗೊಬ್ಬರಕ್ಕೆ ಶೇಂಗಾ ಹಿಂಡಿ ಮೂರು ದಿನ ನೆನೆಸಿ, ತಿಳಿ ನೀರಿಗೆ ಹತ್ತು ಪಾಲು ನೀರು ಬೆರೆಸಿ ತಿಂಗಳಿಗೊಮ್ಮೆ. ಹೊಸ ಗಳಕ್ಕೆ ಎಲೆ ಬಂದ ಮೇಲೆ ಶುರು ಮಾಡಿ. ನಾರುತ್ತದೆ, ಮನೆಯವರು ಬಯ್ಯುತ್ತಾರೆ. ಹಿಟ್ಟು ತಿಗಣೆ ಬಂದರೆ ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ. ಉದುರಿದ ಎಲೆಗಳನ್ನು ತಾಟಿನಲ್ಲೇ ಬಿಡಿ, ಬಿದಿರಿಗೆ ಅದರದೇ ಎಲೆ ಒಳ್ಳೆಯ ಊಟ.

ನಾಲ್ಕು ವರ್ಷ ದಾಟಿದ ಗಳ ಬಣ್ಣಗೆಟ್ಟು ಎಲೆ ತೆಳುವಾಗುತ್ತದೆ. ಹೊಸದು ಬಂದ ಮೇಲೆ ಹಳೆಯದನ್ನು ಬುಡಕ್ಕೆ ಕೊಯ್ದುಬಿಡಿ, ತಾಟಿಗೆ ಗಾಳಿಯಾಡುತ್ತದೆ. ಮೊದಲ ಸಲ ಹಾಗೆ ಕೊಯ್ದ ಗಳವನ್ನು ಎಸೆಯಲು ಮನಸ್ಸಾಗಲಿಲ್ಲ, ಸ್ಲಾಟಿಗೆ ಬಡಿಯುವ ಪಟ್ಟಿ ಆದೀತೇನೋ ಅಂತ ಅಂಗಡಿಗೆ ಒಯ್ದು ಸೀಳಿ ನೋಡಿದೆ. ಒಂದೊಂದು ಗಣಿಕೆ ಒಂದೊಂದೇ ಇಂಚು. ಯಾವ ಮೋಟರಿಗೂ ಬರಲಿಲ್ಲ.